ರಬ್ಬರ್ ಚೀಲದ ಪಕ್ಕ ಮೊಮ್ಮಗಳು

ಕಂಪ್ಲಿ, 4 ಮಾರ್ಚ್ 1946. ಬೆಳಿಗ್ಗೆ

ಚೀಲ ತೊಳೆದು ಹಿತ್ತಲಲ್ಲಿ ಒಣಹಾಕಿದೆ. ಇನ್ನೊಂದು ಕಟ್ಟಿಕೊಂಡೆ. ಮದ್ರಾಸಿನಲ್ಲಿ ಆಪರೇಷನ್ ಮಾಡಿ ಹುಣ್ಣಾದ ಕರುಳು ತೆಗೆದಾಗಿನಿಂದ ದಿನದ ಮೊದಲ ಕೆಲಸ ಇದೇ. ಹೊಟ್ಟೆಯ ಬಲಕ್ಕೆ ಕರುಳಿನ ಬಾಯಿ, ಮಲ ಬಂದು ಬೀಳಲು ಅದಕ್ಕೆ ರಬ್ಬರ್ ಚೀಲ. ಡಾಕ್ಟರು ಕೊಟ್ಟ ಬೆಲ್ಟ್ ಚರ್ಮ ಕೊರೆಯುತ್ತಿತ್ತು — ಹಳೇ ಇಳಕಲ್ ಸೆರಗು ಹರಿದು ನಾನೇ ಒಂದು ಹೊಲಿದೆ. ಮಸ್ತ್ ಕೂತಿದೆ. ಇಂಥ ರೇಷ್ಮೆ ಬೆಲ್ಟ್ ಯಾವ ರಾಣಿಗಿತ್ತು?

11 ಮಾರ್ಚ್

ಮೊಮ್ಮಗಳಿಗೆ ಲಿಂಗ ಕಟ್ಟುವ ದಿನ ಗೊತ್ತಾಯಿತು. 25, ಸೋಮವಾರ. ನಮ್ಮ ಮನೆಯಲ್ಲಿ ಕೂಸಿಗೆ ಲಿಂಗಧಾರಣೆ ಆಗುವುದು ಅಜ್ಜಿಯ ತೊಡೆಯ ಮೇಲೆ. ನನ್ನ ಮಗನಿಗೂ ಹಾಗೇ ಆಗಿತ್ತು.

ನಾದಿನಿ ಕೊಟ್ರಮ್ಮ ಬಾಗಿಲಲ್ಲೇ ನಿಂತು ಅಂದಳು: "ನೀವು ಕುಂದ್ರಬ್ಯಾಡ್ರಿ ಅತ್ತಿಗಿ. ಆ ಮೈಲಿಗಿ ಚೀಲ ಕಟ್ಟಿಗೊಂಡು... ನಾ ಕುಂದರ್ತೀನಿ."

"ಎದಿ ಮ್ಯಾಲ ಲಿಂಗ ಐತಿ. ಲಿಂಗ ಇದ್ದ ಮೈಗೆ ಮೈಲಿಗಿ ಎಲ್ಲಿಂದ ಬಂತಲೇ?"

ಸೆರಗು ಕೊಡವಿಕೊಂಡು ಹೋದಳು. ಭಾರಿ ಖುಷಿಯಾಯಿತು ನನಗೆ. ಆದರೆ ಒಳಗೆ ಅಳುಕು... ಕೂಸು ಒದ್ದು ಚೀಲ ಸೋರಿದರೆ? ನಾಲ್ಕು ಜನರ ಮುಂದೆ?

24 ಮಾರ್ಚ್. ಸಂಜೆ

ಚೀಲ ಖಾಲಿ ಇರಲಿ ಎಂದು ನಿನ್ನೆಯಿಂದ ನೀರೂ ಮುಟ್ಟಿರಲಿಲ್ಲ. ಮೀನಖಂಡ ಹಿಡಿದುಕೊಂಡಿತು, ಕಣ್ಣು ಕತ್ತಲೆ. ಒಲೆಯ ಮುಂದೆ ಬಿದ್ದೆ. ನೀರು-ಉಪ್ಪು ಬಿಡಬೇಡ ಎಂದು ಡಾಕ್ಟರು ಹೇಳಿ ಹೇಳಿ ಕಳಿಸಿದ್ದರು! ಸೊಸೆ ಜಂಬಕ್ಕ ಉಪ್ಪು ಹಾಕಿದ ಗಂಜಿ ಕುಡಿಸಿದಳು. ಬೈದಳು ಕೂಡ.

"ಚೀಲ ತುಂಬಿದ್ರ ಖಾಲಿ ಮಾಡಿದ್ರಾತು. ನೀವ ಇಲ್ಲಂದ್ರ ನನ್ನ ಮಗಳ್ನ ಯಾರ ತೊಡಿ ಮ್ಯಾಲ ಹಾಕಲ್ರಿ ಅತ್ತಿ?"

ಗಂಜಿ ಕುಡಿಯುತ್ತಾ ಅತ್ತುಬಿಟ್ಟೆ. ಎಂಥ ಸೊಸೆ ನನ್ನವಳು!

25 ಮಾರ್ಚ್. ಮಧ್ಯಾಹ್ನ

ಕುಂತೆ. ಗಂಜಿ ಕುಡಿದೇ ಕುಂತೆ. ಅಯ್ಯನವರು ಲಿಂಗ ಕಟ್ಟುವಾಗ ಕೂಸಿನ ಹಿಮ್ಮಡಿ ನೆಟ್ಟಗೆ ಚೀಲಕ್ಕೇ ಬಿತ್ತು. ತೊಡೆ ಬೆಚ್ಚಗಾಯಿತು. ಸೀರೆ ಒದ್ದೆ. ಕೊಟ್ರಮ್ಮ ಅದನ್ನೇ ನೋಡುತ್ತಿದ್ದಾಳೆ.

ಸೆರಗಿನೊಳಗೆ ಕೈ ಹಾಕಿ ನೋಡಿದೆ — ಬೆಲ್ಟ್ ಒಣಗಿಯೇ ಇದೆ. ಉಚ್ಚೆ ಹೊಯ್ದಿದ್ದು ಕೂಸು!

"ಸೋರಿದ್ದು ನಂದಲ್ಲ ಕೊಟ್ರಮ್ಮ, ಕೂಸಿಂದು!" ಎಲ್ಲರಿಗೂ ಕೇಳುವಂತೆ ಅಂದೆ. ಅಯ್ಯನವರು ನಕ್ಕು ಮಂತ್ರವನ್ನೇ ಮರೆತರು. ಕೊಟ್ರಮ್ಮನೂ ನಕ್ಕಳು. ಬಟ್ಟೆ ತಂದು ತಾನೇ ಒರೆಸಿದಳು, ಚೀಲದ ಪಕ್ಕದವರೆಗೂ. ಕೈ ಹಿಂದೆಗೆಯಲಿಲ್ಲ.

ಸೀರೆ ಬದಲಿಸಲು ಮನಸ್ಸೇ ಇಲ್ಲ. ಕೂತು ಬರೆಯುತ್ತಿದ್ದೇನೆ. ಒಳಗೆ ಕೂಸು ಎದ್ದಿತು, ಅಳು ಜೋರಾಯಿತು. ಕೊಟ್ರಮ್ಮನ ದನಿ — "ಅತ್ತಿಗೀ, ಜಲ್ದಿ ಬರ್ರಿ, ನನ್ನ ತೊಡಿ ಬ್ಯಾಡಂತ ಇದಕ್ಕ, ನಿಮ್ದ ಬೇಕಂತ..."

ಬಂದೆ, ಚೀಲ ಒಂದಿಷ್ಟು ಸರಿಮಾಡಿಕೊಂ—