ಕಣ್ಣು ಮುಚ್ಚಿಸುವ ನೊರೆ

...ಛೆ, ರೆಕಾರ್ಡಿಂಗ್ ತಪ್ಪಾಯ್ತು, ಮತ್ತೆ ಮೊದಲಿಂದ ಹೇಳ್ತೀನಿ. ಇವತ್ತು ಹದಿನಾಲ್ಕು, ಮಂಗಳವಾರ. ನಮ್ಮಂಥ ಜೈಲು ಕಾವಲಿನೋರು ಇನ್ಮೇಲೆ ಒಳಗೂ ಪಿಸ್ತೂಲು ಇಟ್ಕೋಬಹುದು ಅಂತ ನಿನ್ನೆ ಕಾನೂನು ಪಾಸಾಯ್ತಲ್ಲ. ಬೇಕಾದೋರು ಹೆಸರು ಕೊಡಬೇಕಂತೆ. ನಮ್ಮನೆಯವಳಿಗೆ ಖುಷಿಯೋ ಖುಷಿ.

ನನಗೆ ಮಾತ್ರ ಬೆಳಗಿನ ಗಡ್ಡದ್ದೇ ಯೋಚನೆ. ಕ್ಷೌರದ ಕೆಲಸದ ಕೈದಿ ನೊರೆ ಹಚ್ಚಿದ್ರೆ ಸಾಕು, ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ, ಗೋಡೆಗಳೆಲ್ಲ ಕರಗಿ ಎಲ್ಲೋ ತೇಲ್ತಿರ್ತೀನಿ. ಗಂಟಲ ಮೇಲೆ ಅವನ ಕತ್ತಿ, ನನಗೆ ಸವಿನಿದ್ದೆ!

ಇವತ್ತು ಅವನೇ ನಗ್ತಾ ಅಂದ, "ಸಾಹೇಬ್ರೇ, ಪಿಸ್ತೂಲನ್ನ ಸೊಂಟಕ್ಕೆ ಸಿಗಿಸ್ಕೊಂಡು ಬರೋದಾದ್ರೆ ಗಡ್ಡ ಮನೇಲೇ ಮಾಡ್ಕೊಂಡು ಬನ್ನಿ. ನನ್ನ ಕೈ ನಡುಗುತ್ತೆ."

ನಾನೂ ನಕ್ಕೆ. ಆದ್ರೆ ಅದು ಸೊಂಟದಲ್ಲಿದ್ರೆ ನನಗೂ ಕಣ್ಣು ಮುಚ್ಚೋಕೆ ಧೈರ್ಯ ಎಲ್ಲಿಂದ...

"ರೀ, ಪಿಸ್ತೂಲಿಗೆ ಹೆಸರು ಕೊಟ್ರಾ?"

ಅಯ್ಯೋ, ಕರೀತಿದಾಳೆ. "ಇಲ್ಲ ಕಣೇ. ಕೊಡೋದೂ ಇಲ್ಲ. ಬಂದೆ, ಬಂದೆ!"

ರೆಕಾರ್ಡಿಂಗ್ ಇಲ್ಲಿಗೇ ನಿಲ್ಲಿಸ್ತೀನಪ್ಪ.