ಗುಡಿಸಿಟ್ಟ ಊರಿನ ಚಿತ್ರಗಳು

ಖಿರ್ಬತ್ ಲೋಜ್, ಹೆಬ್ರಾನ್ ಗುಡ್ಡಗಳು
ಫೆಬ್ರವರಿ ೯, ಭಾನುವಾರ

ಪ್ರೀತಿಯ ಅಬೂ ಸನದ್,

ಅಲ್ಲಾಹನ ರಕ್ಷೆ ನಿಮ್ಮ ಮೇಲಿರಲಿ. ಬೆನ್ನು ನೋವು ಹೇಗಿದೆ? ಒಲೆಯ ಮುಂದೆ ಬೆವರಿ ಹಾಗೇ ಚಳಿಗೆ ಹೊರಗೆ ಬರಬೇಡಿ ಎಂದು ಹೋದ ಸಲವೂ ಹೇಳಿದ್ದೆ. ಆ ಬೇಕರಿಯವರು ನಿಮಗೆ ಇನ್ನೊಂದು ಬೆನ್ನು ಕೊಡಿಸುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಸನದ್‌ಗೆ ಕೆಮ್ಮು ಹಿಡಿದಿತ್ತು, ಚಹಾಕ್ಕೆ ಮರಮಿಯಾ ಸೊಪ್ಪು ಹಾಕಿ ಕುದಿಸಿ ಕುಡಿಸಿದ ಮೇಲೆ ಇಳಿದಿದೆ. ಚಿಕ್ಕವಳು ದಾಲಿಯಾಗೆ ಮುಂದಿನ ಹಲ್ಲು ಬಿದ್ದಿದೆ, ಮಾತಾಡಿದರೆ ಬರೀ ಗಾಳಿ. ನಿಮ್ಮ ತಾಯಿ ಇಲ್ಲೇ ನನ್ನ ಪಕ್ಕದಲ್ಲಿ ಕೂತು ಮಸೂರ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಾರೆ. ಬರೆದದ್ದನ್ನೆಲ್ಲ ಓದಿ ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ದನಿ ಏರಿಸುತ್ತೇನೆ, ಅಷ್ಟರಲ್ಲಿ ಸಿಗ್ನಲ್ ಹೋಗಿ ಇಬ್ಬರೂ ಗೆದ್ದೆವೆಂದು ಸುಮ್ಮನಾಗುತ್ತೇವೆ. ನೆರೆಮನೆಯ ಅಬೂ ಸಖ್ರ್ ಈ ವಾರ ಗಡಿಯ ಸೇತುವೆ ದಾಟಿ ಅಮ್ಮಾನಿನ ಕಡೆಗೆ ಬರುತ್ತಿದ್ದಾರೆ, ಒಣಮೊಸರಿನ ಉಂಡೆಗಳ ಜೊತೆ ಈ ಪತ್ರವನ್ನೂ ನಿಮಗೆ ತಲುಪಿಸುತ್ತಾರೆ. ನೀವು ಕೇಳಿದ್ದನ್ನು ನಾನು ಮರೆತಿಲ್ಲ. ಕೋರ್ಟು ಏನು ಹೇಳುತ್ತದೋ ಎಂದು ಕಾಯುತ್ತ ಕೂರುವುದು ಬೇಡ, ಸೇನೆಯವರು ಬಂದು ಮನೆ ಕೆಡವುವ ಮೊದಲೇ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಅಮ್ಮಾನಿಗೆ ಬಂದುಬಿಡು, ಎರಡು ಕೋಣೆಯ ಮನೆ ನೋಡಿಟ್ಟಿದ್ದೇನೆ, ನಲ್ಲಿಯಲ್ಲಿ ನೀರು ಬರುತ್ತದೆ ಎಂದಿದ್ದಿರಿ. ಇಷ್ಟನ್ನು ಬರೆದು ಅತ್ತೆಗೆ ಓದಿ ಹೇಳಿದ್ದಕ್ಕೆ, "ಅವನಿಗೆ ನಲ್ಲಿ ನೀರು ತಲೆಗೇರಿದೆ ಅಂತ ಬರಿ" ಎಂದರು. ಬರೆದಿದ್ದೇನೆ. ನನ್ನ ಮನಸ್ಸು ಮಾತ್ರ ಆಗಲೇ ಅರ್ಧ ಗಂಟು ಕಟ್ಟಿತ್ತು. (ಈ ಸಾಲನ್ನು ಓದುವಾಗ ಹಾರಿಸುತ್ತೇನೆ.) ನನ್ನ ಉತ್ತರಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೆತ್ಲೆಹೆಮ್‌ನಲ್ಲಿ ನಮ್ಮ ಊರಿನ ಫೋಟೋ ಪ್ರದರ್ಶನ ಆದ ಕಥೆ ಕೇಳಿ.

ಈ ಗುಡ್ಡಗಳು ಸೇನೆಯ ಗುಂಡಿನ ಅಭ್ಯಾಸಕ್ಕೆ ಬೇಕು, ಇಲ್ಲಿ ಯಾರೂ ಕಾಯಂ ಆಗಿ ಇಲ್ಲ, ಕುರಿ ಮೇಯಿಸಿಕೊಂಡು ಬಂದು ಹೋಗುವವರಷ್ಟೇ ಎಂಬುದು ಅವರ ವಾದ ತಾನೇ. ಅದಕ್ಕೆ ನಮ್ಮ ವಕೀಲರು, "ನೀವು ಇಲ್ಲಿ ಬದುಕ್ತಾ ಇದೀರ ಅನ್ನೋದು ನಾಲ್ಕು ಜನಕ್ಕೆ ಕಾಣ್ಬೇಕು, ಜಡ್ಜಿಗೂ ಕಾಣ್ಬೇಕು" ಎಂದು ಬೆತ್ಲೆಹೆಮ್ ಪಕ್ಕದ ಬೇತ್ ಸಾಹೂರಿನ ಮರ್ಲೀನ್ ಎಂಬ ಹುಡುಗಿಯನ್ನು ಕ್ಯಾಮೆರಾ ಸಮೇತ ಕಳಿಸಿಕೊಟ್ಟರು. ಒಳ್ಳೆಯ ಹುಡುಗಿ, ಗಂಡಸರ ಹಾಗೆ ದೊಡ್ಡ ಬೂಟು ಹಾಕುತ್ತಾಳೆ. ಆದರೆ ಅತಿಥಿ ಬರುತ್ತಾಳೆಂದರೆ ನಿಮ್ಮ ತಾಯಿ ಏನು ಮಾಡುತ್ತಾರೆಂದು ನಿಮಗೆ ಹೇಳಬೇಕೆ! ಹಿಂದಿನ ದಿನವೇ ಊರಿನ ಹೆಂಗಸರನ್ನೆಲ್ಲ ಸೇರಿಸಿ, "ಬೆತ್ಲೆಹೆಮ್‌ನೋರು ನಮ್ಮನ್ನ ಕೊಳಕರು ಅನ್ಬಾರ್ದು, ಎಲ್ಲಾ ಸೊಂಟ ಕಟ್ರೇ" ಎಂದರು. ಕಟ್ಟಿದೆವು. ಹಗ್ಗದ ಮೇಲಿನ ಹಸಿ ಬಟ್ಟೆ ಎಳೆದು ಬುಟ್ಟಿಗೆ ತುರುಕಿದೆವು. ಹಾಸಿಗೆಗಳನ್ನು ಮಡಚಿ ಪೇರಿಸಿ ಅದರ ಮೇಲೆ ನನ್ನ ಮದುವೆಯ ಕಸೂತಿ ಬಟ್ಟೆ ಹೊದಿಸಿದೆವು. ರೊಟ್ಟಿ ಒಲೆಯ ಬೂದಿ ಬಳಿದು ಹೊರಗೆ ಸುರಿದೆವು. ದೊಡ್ಡಿ ನಾರುತ್ತದೆಂದು ಕುರಿಗಳನ್ನು ಕಣಿವೆಯ ಆಚೆಗೆ ಹೊಡೆದೆವು, ಮಕ್ಕಳು ಮತ್ತೆ ಗಲೀಜು ಮಾಡುತ್ತಾರೆಂದು ಅವರನ್ನೂ ಕುರಿಗಳ ಹಿಂದೆಯೇ ಅಟ್ಟಿದೆವು. ಅಂಗಳದಲ್ಲಿ ನೀರು ಚಿಮುಕಿಸಿ, ಬಾಗಿಲ ಮುಂದೆ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಊರು ನೋಡಿ ನನಗೇ ಹೆಮ್ಮೆಯಾಯಿತು.

ಮರ್ಲೀನ್ ಬೆಳಿಗ್ಗೆ ಬಂದಳು. "ನೀವು ದಿನಾ ಇರೋ ಹಾಗೇ ಇರಿ" ಎಂದು ಕೈ ಮುಗಿಯುವುದೊಂದು ಬಾಕಿ. ದಿನಾ ಇರುವ ಬಟ್ಟೆಯಲ್ಲಿ ಯಾವ ಹೆಂಗಸು ಫೋಟೋಕ್ಕೆ ನಿಲ್ಲುತ್ತಾಳೆ? ನಾವೆಲ್ಲ ಅಡುಗೆಮನೆ ಸೇರಿ ಅವಳಿಗಾಗಿ ಮಕ್ಲೂಬಾ ಅನ್ನ ಮಾಡುತ್ತಿದ್ದೆವು. ಅವಳು ಬಿಸಿಲು ಚೆನ್ನಾಗಿದ್ದಾಗ ಒಬ್ಬಳೇ ಊರೆಲ್ಲ ಸುತ್ತಿ ಬಾಗಿಲು, ಗುಹೆಮನೆ, ಒಲೆ, ಕುರ್ಚಿ ಎಲ್ಲ ತೆಗೆದಳು. ನಾವು ಉಂಡು, ಕೈತೊಳೆದು, ಕಸೂತಿಯ ಉಡುಪು ತೊಟ್ಟು ಹೊರಗೆ ಬರುವಷ್ಟರಲ್ಲಿ ಮೋಡ ಕವಿದು ಮಳೆ ಹಿಡಿಯಿತು. ಮಾರನೇ ದಿನ ಬರುತ್ತೇನೆಂದವಳಿಗೆ ರಸ್ತೆಯಲ್ಲಿ ಸೇನೆಯ ಗೇಟು ಮುಚ್ಚಿತ್ತು, ಆಮೇಲೆ ವಾರಗಟ್ಟಲೆ ತೆರೆಯಲಿಲ್ಲ. ಇದ್ದ ಚಿತ್ರಗಳಲ್ಲೇ ಪ್ರದರ್ಶನ ಮಾಡಿದಳು.

ಮೊನ್ನೆ ಗುರುವಾರ ಅಬೂ ಸಖ್ರ್ ತಮ್ಮ ವ್ಯಾನಿನಲ್ಲಿ ನಮ್ಮನ್ನು ಕರೆದುಕೊಂಡು ಹೋದರು. ದೊಡ್ಡ ಹಾಲು, ಒಳ್ಳೆಯ ದೀಪ, ಗೋಡೆಯ ತುಂಬ ನಮ್ಮ ಊರು. ಪರದೇಶದವರು, ಶಾಲೆಯ ಹುಡುಗಿಯರು, ರಾಮಲ್ಲಾದಿಂದ ಬಂದ ದೊಡ್ಡ ಮನುಷ್ಯರು. ಬಾಗಿಲಲ್ಲೇ ನಮ್ಮ ಮನೆಯ ಚಿತ್ರ, ನನ್ನಷ್ಟು ಎತ್ತರ. ಒಪ್ಪ ಮಾಡಿದ ಅಂಗಳ, ತಣ್ಣಗಿನ ಒಲೆ, ಖಾಲಿ ಕುರ್ಚಿ, ತೆರೆದ ಬಾಗಿಲೊಳಗೆ ನನ್ನ ಕಸೂತಿ. ಎಷ್ಟು ಚೆಂದ ಬಂದಿದೆ ಎಂದು ಮೊದಲ ಗಳಿಗೆ ಖುಷಿಪಟ್ಟೆ. ಪಕ್ಕದಲ್ಲಿ ಒಬ್ಬ ಹೆಂಗಸು, ಒಳ್ಳೆಯ ಕೋಟು, ಒಳ್ಳೆಯ ಮನಸ್ಸು ಕೂಡ, ಕಣ್ಣು ಒರೆಸಿಕೊಳ್ಳುತ್ತ ತನ್ನ ಗೆಳತಿಗೆ ಹೇಳಿದಳು: "ಅಯ್ಯೋ ಪಾಪ. ಎಲ್ಲಾ ಬಿಟ್ಟು ಹೋಗ್ಬಿಟ್ಟಿದ್ದಾರೆ ನೋಡೇ."

ನಾನು ಚಿತ್ರವನ್ನು ಮತ್ತೊಮ್ಮೆ ನೋಡಿದೆ, ಅದರಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಅತ್ತೆಗೆ ಸಿಟ್ಟು ಬಂತು. "ಯಾರೇ ಹೋದೋರು? ನಾನು ಇಷ್ಟು ದಪ್ಪಗೆ ನಿಂತಿರೋದು ಕಾಣಲ್ವೇನೇ ತಾಯಿ?" ಎಂದು ಗದರಿದರು. ಆ ಹೆಂಗಸು ಗಾಬರಿಯಾಗಿ ಕ್ಷಮೆ ಕೇಳಿದಳು. ಅತ್ತೆ ಅವಳ ಕೈ ಹಿಡಿದು ಚಿತ್ರದ ಹತ್ತಿರ ಎಳೆದುಕೊಂಡರು: "ಈ ಬಾಗಿಲ ಹಿಂದೆ ಒದ್ದೆ ಬಟ್ಟೆ ಬುಟ್ಟಿ ಇದೆ. ಈ ಕಸೂತಿ ಕೆಳಗೆ ಏಳು ಹಾಸಿಗೆ, ಒಂದರ ಮೇಲೆ ನನ್ನ ಮೊಮ್ಮಗಳು ಉಚ್ಚೆ ಹೊಯ್ದಿದ್ದಾಳೆ. ಇಲ್ಲಿ ಬೂದಿ ಇತ್ತು, ನಾನೇ ಬಳಿದೆ, ನನ್ನ ಕೈ ಸೇದಿಹೋಗ!" ಹೀಗೆ ಒಂದೊಂದೇ ಚಿತ್ರದ ಮುಂದೆ ನಿಂತು ನಾವು ಬಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆದರು. ಜನ ಅವರ ಹಿಂದೆಯೇ ಹೊರಟರು. ಕೆಲವರು ನಕ್ಕರು, ಆ ಕೋಟಿನ ಹೆಂಗಸು ಇನ್ನೂ ಜೋರಾಗಿ ಅತ್ತಳು. ನಿಮ್ಮ ತಾಯಿಯ ಮಾನ ಮರ್ಯಾದೆಯ ಬಗ್ಗೆ ನಿಮಗೆ ಗೊತ್ತು, ಉಚ್ಚೆಯ ಹಾಸಿಗೆಯ ಸುದ್ದಿಯನ್ನು ಅಷ್ಟು ಜನ ಗಂಡಸರೆದುರು ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ತಲೆಬಟ್ಟೆಯ ತುದಿಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ವಕೀಲರು ನನ್ನನ್ನು ಒಂದು ಪಕ್ಕಕ್ಕೆ ಕರೆದು, "ನಿಮ್ಮತ್ತೆ ಹಜ್ಜಾ ಅವರ ಬಾಯನ್ನ ನಾನು ಕೋರ್ಟಲ್ಲಿ ಗೋಡೆಗೆ ತೂಗುಹಾಕೋಕಾಗಲ್ಲಮ್ಮ. ಈ ಚಿತ್ರ ಕೊಟ್ರೆ ಸೇನೆಯವರ ಕೇಸು ನಾನೇ ಗೆಲ್ಲಿಸಿಕೊಟ್ಟ ಹಾಗೆ" ಎಂದರು. ಮರ್ಲೀನ್ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಅತ್ತೆ ಅವಳ ತಲೆ ಸವರಿ, "ಅಳ್ಬೇಡ ಮಗಳೇ, ನಿನ್ನ ಮಿಷನ್ನು ಸರಿಯಾಗೇ ಇದೆ. ಇನ್ನೊಂದು ಸಲ ಬಾ, ಹೇಳ್ದೇ ಬಾ. ಕಾಫಿ ಕೂಡ ಕೊಡಲ್ಲ, ನೋಡ್ತಿರು" ಎಂದರು. ಅತಿಥಿಗೆ ಕಾಫಿ ಕೊಡುವುದಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿ ಅಬೂ ಸಖ್ರ್ ಕೂಡ ನೆಲ ನೋಡಿದರು. ಗೇಟು ತೆರೆದಿದ್ದರೆ ಅವಳು ಈ ತಿಂಗಳೊಳಗೆ ಬರುತ್ತಾಳೆ. ಕೋರ್ಟು ಮಾರ್ಚಿನಲ್ಲಿದೆ. ಈಗ ನಮ್ಮ ಅಂಗಳ ಹೇಗಿದೆಯೆಂದರೆ ನೀವು ನೋಡಿದರೆ ನನ್ನನ್ನು ತವರಿಗೆ ಕಳಿಸುತ್ತೀರಿ. ಯಾರೂ ಪೊರಕೆ ಮುಟ್ಟುವ ಹಾಗಿಲ್ಲ, ಮರಿ ಹಾಕಿದ ಕುರಿ ಬಾಗಿಲಲ್ಲೇ ಮಲಗಿದೆ, ದಾಲಿಯಾಗೆ ಸ್ವರ್ಗ ಸಿಕ್ಕಿದೆ.

ಅತ್ತೆ ನಿಮ್ಮ ಹಣೆಗೆ ಮುತ್ತು ಕೊಟ್ಟಿದ್ದಾರೆ. ಮಕ್ಕಳು ಸಲಾಮ್ ಹೇಳಿದ್ದಾರೆ. ಉಣ್ಣೆಯ ಪಟ್ಟಿ ಕಳಿಸಿದ್ದೇನೆ, ಸೊಂಟಕ್ಕೆ ಸುತ್ತಿಕೊಳ್ಳಿ, ಬೇರೆಯವರಿಗೆ ದಾನ ಮಾಡಬೇಡಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಇನ್ಶಿರಾಹ್

ತಾ.ಕ.: ಅತ್ತೆ ಹಾಲು ಕರೆಯಲು ಎದ್ದುಹೋದರು, ಬೇಗ ಬರೆಯುತ್ತೇನೆ. ನಾವು ಅಮ್ಮಾನಿಗೆ ಬರುವುದಿಲ್ಲ. ಇದು ಅವರು ಹೇಳಿಸಿದ್ದು ಎಂದುಕೊಳ್ಳಬೇಡಿ, ನಾನೇ ಹೇಳುತ್ತಿದ್ದೇನೆ. ನಾವು ಹೋದ ಮೇಲೆ ಮನೆ ಹೇಗೆ ಕಾಣುತ್ತದೆಂದು ನಾನು ಬೆತ್ಲೆಹೆಮ್‌ನಲ್ಲಿ ನೋಡಿಬಂದೆ. ಅದನ್ನು ನಿಜ ಮಾಡಲು ನನ್ನ ಕೈಯಲ್ಲಿ ಆಗದು. ನನಗೆ ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ಹೊಸ ಚಿತ್ರ ಕೊಟ್ಟರೂ ಕೋರ್ಟು ನಮ್ಮ ಕಡೆ ಹೇಳುತ್ತದೆಂದು ವಕೀಲರಿಗೇ ನಂಬಿಕೆಯಿಲ್ಲ. ಅದಕ್ಕೇ ನೀವು ಬನ್ನಿ, ಮಾರ್ಚಿಗೆ ಮೊದಲು ಬನ್ನಿ. ಅವರು ಕೆಡವಲು ಬಂದರೆ ಆ ದಿನದ ಚಿತ್ರವನ್ನು ನೀವು ಅಲ್ಲಿ ಕೂತು ಫೋನಿನಲ್ಲಿ ನೋಡಬಾರದು. ನೀವು ಅದರೊಳಗೆ ನನ್ನ ಪಕ್ಕದಲ್ಲಿ ಇರಬೇಕು.