ಕಲೋನ್ ಸ್ಟೇಷನ್ನಿನಲ್ಲಿ ಇವರ ಹೆಸರು

ಅಮ್ಮಾ,

ಇದೊಂದನ್ನು ನಿನಗೆ ಹೇಳುವುದೇ ಬೇಡ ಎಂದಿದ್ದೆ. ನಾನು ಇವರನ್ನು ಹೆಸರು ಹಿಡಿದು ಕರೆದೆ.

ಪ್ಯಾರಿಸ್ ನೋಡಿಕೊಂಡು, ಜರ್ಮನಿಯಲ್ಲಿರುವ ತಮ್ಮ ಉದಯಶಂಕರನ ಮನೆಗೆ ಹೊರಟಿದ್ದೆವು. ಕಲೋನ್ ಸ್ಟೇಷನ್ನಿನಲ್ಲಿ ಇವರು ಪೆಟ್ಟಿಗೆ ಹಿಡಿದು ಬೇರೆ ಯಾವುದೋ ರೈಲು ಹತ್ತಿಬಿಟ್ಟರು. ಪಾಸ್‌ಪೋರ್ಟು, ಟಿಕೆಟು ಎರಡೂ ನನ್ನ ಚೀಲದಲ್ಲಿ. "ಇದಾ, ಇಲ್ಲಿ ನೋಡಿ" ಎಂದು ಕೂಗಿದೆ, ತಿರುಗಲಿಲ್ಲ. ಬಾಗಿಲು ಮುಚ್ಚುವುದರಲ್ಲಿತ್ತು.

"ಮಹೇಶ್ವರ ಭಟ್ರೇ" ಎಂದೆ. ಅರ್ಧ ಸ್ಟೇಷನ್ನೇ ತಿರುಗಿ ನೋಡಿತು.

ಇಳಿದು ಬಂದು, "ನನ್ನ ಹೆಸರು ನಿನಗೆ ಗೊತ್ತುಂಟಾ ಮಾರಾಯ್ತಿ?" ಎಂದರು.

ನಾಚಿಕೆಯಾಗಬೇಕಿತ್ತೋ ಏನೋ, ನನಗೆ ಹೆಮ್ಮೆಯಾಯಿತು. ಈಗಲೂ ಆಗುತ್ತಿದೆ. ಅಪ್ಪ ಕಣ್ಣು ಮುಚ್ಚುವಾಗಲೂ ನೀನು "ಕೇಳಿತಾ, ಕೇಳಿತಾ" ಎಂದಷ್ಟೇ ಕರೆದೆ.

ಕಬಕದ ನಿನ್ನ ಮನೆಯ ಹಳೆಯ ವಿಳಾಸ ಬರೆದು, ನಿನ್ನ ತಿಥಿಯ ದಿನವಾದ ಇಂದೇ ಪುತ್ತೂರಿನಲ್ಲಿ ಅಂಚೆಗೆ ಹಾಕುತ್ತೇನೆ. ೧೯೬೪, ಆಗಸ್ಟ್ ೪.